ಹಂಚಿನ ಊರಿನವರು ಕಪ್ ಎತ್ತಿದರೆ

ಕ್ರೋಯ್ಡನ್, ಲಂಡನ್
3 ಮೇ 2021

ಪ್ರೀತಿಯ ಸ್ಟೆಫನಿಗೆ,

ನಿನ್ನ ಫಿಲಿಪ್ ಮಾಮನ ಆಶೀರ್ವಾದ. ಈ ಕಾಗದವನ್ನು ನಿನಗಿಂತ ಮೊದಲು ಸಿಸ್ಟರ್ ಆಗುವವರಿಗೆ ತರಬೇತಿ ಕೊಡುವ ನಿಮ್ಮ ನೊವಿಶಿಯೇಟಿನ ಸಿಸ್ಟರ್ ಸಿಸಿಲಿಯಾ ಒಡೆದು ಓದುತ್ತಾರೆಂದು ನನಗೆ ಗೊತ್ತು. ಅವರಿಗೆ ಕೊಂಕಣಿ ಬಾರದಂತೆ, ಹಾಗಾಗಿ ಕನ್ನಡದಲ್ಲೇ ಬರೆಯುತ್ತೇನೆ. ಸಿಸ್ಟರ್, ನಮಸ್ಕಾರ. ಅಕ್ಷರ ಕಂಡು ಬೆರಗಾಗಬೇಡಿ. ಊರಿನ ಶಾಲೆಯನ್ನು ನಾನು ಏಳನೆಯದಕ್ಕೇ ಬಿಟ್ಟವನು, ಆದರೆ ಬಿಟ್ಟ ದಿನ ಮೇಷ್ಟ್ರು ಅತ್ತಿದ್ದರು.

ನಾವಿಬ್ಬರೂ ಕ್ಷೇಮ. ಟೂಟಿಂಗಿನ ನಮ್ಮ ಹೋಟೆಲಿನಲ್ಲಿ ಇನ್ನೂ ಒಳಗೆ ಕೂರಿಸುವ ಹಾಗಿಲ್ಲ, ಬರೀ ಪಾರ್ಸೆಲ್. ಆದರೂ ನನ್ನ ನೀರುದೋಸೆಗೆ ರಸ್ತೆಯ ತಿರುವಿನ ತನಕ ಕ್ಯೂ. ನಿನ್ನ ಅಪ್ಪನಿಗೆ ಏರ್‌ಪೋರ್ಟಿನ ಸರಕು ವಿಭಾಗದಲ್ಲಿ ವಾರಕ್ಕೆ ಎರಡೋ ಮೂರೋ ದಿನದ ಕೆಲಸ. ಡಿಸೆಂಬರಿನಲ್ಲಿ ನೀನು ಸಿಸ್ಟರ್ ಆಗಲು ತೆಗೆದುಕೊಳ್ಳುವ ಮೊದಲ ವ್ರತಕ್ಕೆ ಮೈಸೂರಿಗೆ ಬರುವುದು ಗಟ್ಟಿ. ಮಗಳ ಕೈ ಹಿಡಿದು ಪೀಠದವರೆಗೆ ನಡೆಸುವುದು ಹೆತ್ತವರ ಕೆಲಸ. ನನ್ನ ತಂಗಿ ವೆನಿಶಾ ಇಲ್ಲದ ಮೇಲೆ ಅವಳ ಪಾಲನ್ನೂ ಜೋಯ್ಸನ್ ಭಾವನೇ ಮಾಡಬೇಕು. ಕೋಟನ್ನು ಈಗಲೇ ಹೊರಗೆ ತೆಗೆದು ಕನ್ನಡಿಯ ಮುಂದೆ ನಿಲ್ಲುತ್ತಾನೆ. ಕನ್ನಡಿಯಲ್ಲಿ ತಲೆ ಕಾಣುವುದಿಲ್ಲ, ಅಷ್ಟು ಎತ್ತರ.

ಈಗ ದೊಡ್ಡ ಸುದ್ದಿ. ಸ್ಪೇನಿನಲ್ಲಿ ವಿಯ್ಯಾರಿಯಾಲ್ ಎಂದು ಒಂದು ಸಣ್ಣ ಊರು. ಅಲ್ಲಿಯವರ ಕಸುಬು ಮಣ್ಣು ಸುಟ್ಟು ಟೈಲ್ಸ್ ಮಾಡುವುದು. ನಿನ್ನ ಅಜ್ಜ ಮಂಗಳೂರಿನ ಹಂಚಿನ ಕಾರ್ಖಾನೆಯಲ್ಲಿ ಮೈ ಸುಟ್ಟುಕೊಂಡವರು. ಅಂದಮೇಲೆ ಅವರು ನಮ್ಮವರಲ್ಲದೆ ಇನ್ನಾರು? 2006ರಲ್ಲಿ ಆ ಊರಿನ ಫುಟ್‌ಬಾಲ್ ಕ್ಲಬ್ಬು ಮೊದಲ ಬಾರಿಗೆ ಯುರೋಪಿನ ದೊಡ್ಡ ಕಪ್ಪಿಗೆ ಬಂದು, ಸೀದಾ ಸೆಮಿಫೈನಲ್ ಮುಟ್ಟಿ, ಇಲ್ಲಿ ಹೈಬರಿಯ ಹಳೇ ಸ್ಟೇಡಿಯಮ್ಮಿನಲ್ಲಿ ಆರ್ಸೆನಲ್ ಮೇಲೆ ಆಡಿತು. ನಾನೂ ನಿನ್ನ ಅಪ್ಪನೂ ಹೋಗಿದ್ದೆವು. ಭಾವ ಆರ್ಸೆನಲ್ ಭಕ್ತ. ಆಟದ ನಡುವೆ ಒಂದು ಅಳಿಲು ಮೈದಾನಕ್ಕೆ ನುಗ್ಗಿತು. ಅದನ್ನು ಎಲ್ಲರಿಗಿಂತ ಮೊದಲು ಕಂಡವನು ನಾನು. ಹಿಂದಿನ ಸೀಟಿನ ದೊರೆ ಮಾತ್ರ ನಮ್ಮಿಬ್ಬರ ಹೆಗಲು ತಟ್ಟಿ, "ಉದ್ದದವನು ತಲೆ ತಗ್ಗಿಸಲಿ, ಗಿಡ್ಡದವನು ಬಾಯಿ ಮುಚ್ಚಲಿ" ಎಂದ.

ಆ ದಿನ ಒಂದು ಗೋಲಿನಿಂದ ಸೋತೆವು. ಆರು ದಿನ ಬಿಟ್ಟು ಅವರ ಊರಿನಲ್ಲಿ, ಆಟ ಮುಗಿಯುವ ಹೊತ್ತಿಗೆ ಪೆನಾಲ್ಟಿ ಸಿಕ್ಕಿತು, ಅದನ್ನೂ ಆರ್ಸೆನಲಿನ ಗೋಲು ಕಾಯುವ ಗೋಲಿ ತಡೆದ. ಭಾವ ನಗುತ್ತಾ ಹೇಳಿದ್ದು ಇವತ್ತಿಗೂ ಕಿವಿಯಲ್ಲಿ ಉಂಟು: "ಈ ಹಂಚಿನವರು ಯುರೋಪಿನ ಕಪ್ ಎತ್ತಿದರೆ ನಾನು ಸತ್ತೆ ಅಂತ ತಿಳಿ ಮಾರಾಯ. ಇಗರ್ಜಿಯಲ್ಲಿ ಸತ್ತವರ ಪೂಜೆ ಕೊಡಿಸು." ಆಮೇಲೆ 2011ರಲ್ಲಿ, 2016ರಲ್ಲಿ ಸಹ ಯುರೋಪಿನ ಎರಡನೇ ದರ್ಜೆಯ ಕಪ್ಪಿನ ಸೆಮಿಫೈನಲಿನಲ್ಲೇ ಮುಗ್ಗರಿಸಿದರು. ಪ್ರತಿ ಸಲವೂ ಭಾವ, "ನನಗೆ ದೀರ್ಘಾಯುಷ್ಯ" ಎಂದು ಚಾ ಕುಡಿದ.

ಈ ಸಲ ಅದೇ ಕಪ್ಪು, ಮತ್ತೆ ಸೆಮಿಫೈನಲ್, ಮತ್ತೆ ಆರ್ಸೆನಲ್. ಮೊದಲ ಆಟ ನಾವು ಎರಡು-ಒಂದರಲ್ಲಿ ಗೆದ್ದಾಯಿತು.

ಕೆಳಗೆ ಅಪ್ಪನೇ ಬರೆಯುತ್ತಾನೆ. ಪೂರ್ಣವಿರಾಮ ಒತ್ತಿ ಕಾಗದ ತೂತು ಮಾಡುವ ಅಭ್ಯಾಸ ಇನ್ನೂ ಹೋಗಿಲ್ಲ.

ನಿನ್ನ ಮಾಮ,
ಫಿಲಿಪ್

ಮಗೂ, ನಾನು ಆರಾಮ ಇದ್ದೇನೆ. ಡಿಸೆಂಬರಿಗೆ ಬರುತ್ತೇನೆ.
ಅಪ್ಪ


ಕ್ರೋಯ್ಡನ್
11 ಮೇ 2021

ಪ್ರೀತಿಯ ಸ್ಟೆಫನಿ,

ಫೈನಲಿಗೆ ಬಂದೆವು. ಆರ್ಸೆನಲಿನ ಮನೆಯಲ್ಲೇ ಅವರನ್ನು ಒಂದೂ ಗೋಲು ಹೊಡೆಯಲು ಬಿಡಲಿಲ್ಲ. ಅವರ ಚೆಂಡು ಕಂಬಕ್ಕೆ ಬಡಿದದ್ದು ಉಂಟು, ಕಂಬ ನಮ್ಮ ಕಡೆ ಇತ್ತು.

ಆದರೆ ಈಗಿನ ಆಟ ನೋಡಲು ಒಂದು ಥರ. ರೋಗದ ಕಾಲ, ಸ್ಟೇಡಿಯಮ್ಮಿನಲ್ಲಿ ಜನರಿಲ್ಲ. ಟಿವಿಯವರು ಹಿಂದೆಂದೋ ಹಿಡಿದಿಟ್ಟ ಗದ್ದಲವನ್ನು ಸೇರಿಸುತ್ತಾರೆ. ಕುರ್ಚಿ ಖಾಲಿ, ಕೂಗು ಮಾತ್ರ ಭರ್ತಿ. ಭಾವ ಸ್ವಲ್ಪ ಹೊತ್ತು ಕಿವಿಗೊಟ್ಟು, "ಈ ಕೂಗುವವರಲ್ಲಿ ಈಗ ಎಷ್ಟು ಜನ ಉಳಿದಿದ್ದಾರೋ" ಎಂದ. ನಾನು, ಸೋಲುವವನ ತತ್ವಜ್ಞಾನ ಸಾಕು ಎಂದೆ.

ಇನ್ನು ನನ್ನ ಚೇಷ್ಟೆ ಕೇಳು. ಸಿಸ್ಟರ್, ಈ ಪ್ಯಾರಾ ಬಿಟ್ಟು ಓದಿ. ಪ್ರತಿ ಮೇ ತಿಂಗಳಲ್ಲಿ ನಿನ್ನ ಅಮ್ಮನ ವರ್ಷದ ಪೂಜೆಗೆ ನಾನು ಲಕೋಟೆಯ ಮೇಲೆ ಹೆಸರು ಬರೆದು ಫಾದರ್ ಕೈಗೆ ಕೊಡುವುದಲ್ಲವೇ. ಈ ಭಾನುವಾರದ ಕೊಂಕಣಿ ಪೂಜೆಗೆ ವೆನಿಶಾ ಎಂದು ಬರೆದು, ಅದರ ಕೆಳಗೆ ಜೋಯ್ಸನ್ ಎಂದೂ ಬರೆದೆ. ಭಾವನೇ ಹೇಳಿದ ಮಾತು, ನಾನು ನಡೆಸಿಕೊಟ್ಟೆ, ಅಷ್ಟೇ. ಪೂಜೆಯಲ್ಲಿ ಓದುವ ಸತ್ತವರ ಹೆಸರಿನ ಪಟ್ಟಿ ಈ ವರ್ಷ ಎಷ್ಟು ಉದ್ದವೆಂದರೆ ಫಾದರ್ ಉಸಿರು ತೆಗೆದುಕೊಳ್ಳದೆ ಓದುತ್ತಾರೆ. ಅದರಲ್ಲಿ ಇದೂ ಬಂತು.

ಭಾವ ಮಾಸ್ಕಿನೊಳಗೆ ನಕ್ಕು ನನ್ನ ಪಕ್ಕೆ ತಿವಿದ. "ಕಪ್ ಇನ್ನೂ ಸಿಗಲಿಲ್ಲ, ಈಗಲೇ ಕೊಂದೆಯಾ?"

"ಅಡ್ವಾನ್ಸ್" ಎಂದೆ.

ಮಾಸ್ಕು ಸರಿಮಾಡಿಕೊಳ್ಳುತ್ತಾ, "ಅವಳ ಹೆಸರಿನ ಹಿಂದೆಯೇ ನನ್ನದು ಬಂತಲ್ವಾ. ಚಂದ ಕೇಳಿತು" ಎಂದ. ನಾನು ಪ್ರಾರ್ಥನೆಯ ಪುಸ್ತಕ ತೆರೆದು ಓದತೊಡಗಿದೆ. ಗುರುತು ಮಾಡಿಕೋ, ಇದು ಅಪರೂಪ.

ಹೊರಗೆ ಬಂದಾಗ ಎಲ್ಲರೂ ನನಗೆ ಕೈಮುಗಿದರು, ಭಾವನಿಗೆ ಯಾರೂ ಮುಗಿಯಲಿಲ್ಲ. ಮಾಸ್ಕಿನಲ್ಲಿ ಗುರುತು ಸಿಕ್ಕಿರಲಿಕ್ಕಿಲ್ಲ. ಮನೆಗೆ ಬಂದರೆ ಫೋನೋ ಫೋನು. "ಜೋಯ್ಸನ್ ಯಾವಾಗ ಹೋದದ್ದು ಫಿಲಿಪ್? ನಮಗೆ ತಿಳಿಸಲೇ ಇಲ್ಲ." ಭಾವ ಎದುರಿಗೆ ಕೂತು ಮೀನು ಮುರಿಯುತ್ತಿದ್ದ. ಫೋನ್ ಕಸಿದು, "ನಾನೇ ಮಾತಾಡುವುದು, ಜೀವ ಉಂಟು" ಎಂದ. ಆ ಕಡೆಯಿಂದ, "ಹಲೋ ಫಿಲಿಪ್? ಫಿಲಿಪ್? ಸದ್ದೇ ಬರುವುದಿಲ್ಲ" ಎಂದರು.

ನೆಟ್‌ವರ್ಕ್ ಸರಿ ಇರಲಿಲ್ಲ.

ಮಾಮ ಫಿಲಿಪ್


ಕ್ರೋಯ್ಡನ್
22 ಮೇ 2021

ಸ್ಟೆಫನಿ ಮಗಳೇ,

ಹೆದರಬೇಡ, ನಿನ್ನ ಅಪ್ಪ ನನ್ನ ಎದುರೇ ಕೂತಿದ್ದಾನೆ. ಆದರೆ ಹೊರಗೆ ಅವನ ಸಂಗತಿ ಕೆಟ್ಟಿದೆ.

ಕ್ರೋಯ್ಡನ್ನಿನಿಂದ ಏರ್‌ಪೋರ್ಟಿಗೆ ಹೋಗುವ ಬಸ್ಸು ಅವನಿಗೆ ನಿಲ್ಲುವುದಿಲ್ಲ. ಕೈ ಉದ್ದ ಚಾಚಿ ನಿಂತರೂ ಡ್ರೈವರ್ ಖಾಲಿ ಸ್ಟಾಪು ಕಂಡವನಂತೆ ಹೋಗುತ್ತಾನೆ. ನಾನು ಜೊತೆಗಿದ್ದರೆ ನಿಲ್ಲುತ್ತದೆ. ತಾನಾಗಿ ತೆರೆಯುವ ಅಂಗಡಿ ಬಾಗಿಲು ಅವನಿಗೆ ತೆರೆಯುವುದಿಲ್ಲ, ನಾನು ಮುಂದೆ ಹೋಗಿ ದಾರಿ ಮಾಡಬೇಕು. ಇಗರ್ಜಿಯವರು ಸಾವಿನ ಮನೆಗೆಂದು ಬಫಾತ್ ಮಾಂಸದ ಸಾರು ತಂದುಕೊಡುತ್ತಾರೆ, ಒಬ್ಬನಿಗೆ ಸಾಕಾಗುವಷ್ಟು. ಬಾಗಿಲಲ್ಲಿ ನಿಂತು ಭಾವನ ಎದೆಯ ಮೂಲಕವೇ ಒಳಗೆ ಇಣುಕಿ, "ಒಬ್ಬನಿಗೇ ಮನೆ ಬಿಕೋ ಅಂತದಲ್ವಾ" ಎನ್ನುತ್ತಾರೆ. ಮೊದಲ ಎರಡು ದಿನ ನಕ್ಕೆವು. ಮೂರನೇ ದಿನ ಭಾವ ಬಫಾತ್ ಮುಟ್ಟಲಿಲ್ಲ.

ಫಾದರ್ ಹತ್ತಿರ ಅವನನ್ನೇ ಕರೆದುಕೊಂಡು ಹೋದೆ. "ಫಾದರ್, ಅದು ನನ್ನ ತಮಾಷೆ. ಇಗೋ ಆಸಾಮಿ. ಜೀವಂತರಿಗೆ ಇಡುವ ಪೂಜೆ ಇಟ್ಟು ಸರಿಮಾಡಿ." ಫಾದರ್ ನನ್ನ ಪಕ್ಕದ ಗೋಡೆಯನ್ನು ನೋಡಿದರು, ನನ್ನನ್ನು ನೋಡಿದರು. ತುಂಬಾ ಮೆಲ್ಲಗೆ, "ಫಿಲಿಪ್, ಒಬ್ಬನೇ ಇರಬೇಡ. ಯಾರಾದರೂ ಜೊತೆಗಿರಲಿ" ಎಂದರು.

ಬರುವಾಗ ಟ್ರಾಮಿನಲ್ಲಿ ಭಾವನಿಗೇ ಹೊಳೆಯಿತು. ಅವನು ಕೊಟ್ಟ ಮಾತು ಕಪ್ ಎತ್ತಿದರೆ ಎಂದು, ಸೆಮಿಫೈನಲ್ ಗೆದ್ದರೆ ಎಂದಲ್ಲ. ಮಾತು ಇನ್ನೂ ಬಲಿತಿಲ್ಲ, ನಾನು ಕಾಯಿಯನ್ನೇ ಕೊಯ್ದೆ. ಬುಧವಾರ ಪೋಲೆಂಡಿನಲ್ಲಿ ಫೈನಲ್, ಮ್ಯಾಂಚೆಸ್ಟರ್ ಯುನೈಟೆಡ್ ಮೇಲೆ. ವಿಯ್ಯಾರಿಯಾಲ್ ಸೋತರೆ ಮಾತು ಬಿದ್ದುಹೋಗುತ್ತದೆ, ಬಸ್ಸು ನಿಲ್ಲುತ್ತದೆ, ಡಿಸೆಂಬರಿನಲ್ಲಿ ನಿನ್ನ ಕೈ ಹಿಡಿಯಲು ಅಪ್ಪ ಬರುತ್ತಾನೆ. ಗೆದ್ದರೆ, ಅದನ್ನು ನಾವು ಮಾತಾಡಲಿಲ್ಲ.

ಸ್ಟೆಫನಿ, ಆ ಕ್ಲಬ್ಬಿಗೆ ಯುರೋಪಿನ ಕಪ್ಪಿನ ಫೈನಲ್ ಇದೇ ಮೊದಲು. ನಾನು ಜಪಸರ ಹಿಡಿದು ಅವರು ಸೋಲಲಿ ಎಂದು ಬೇಡುತ್ತಿದ್ದೇನೆ. ನೀನೂ ಬೇಡು. ಸಿಸ್ಟರ್, ನೀವೂ. ಕಾಗದ ತಡವಾಗಿ ಸಿಕ್ಕಿದರೂ ಬೇಡಿ, ದೇವರಿಗೆ ಅಂಚೆಯ ಹಂಗಿಲ್ಲ.

ಕೆಳಗೆ ಅಪ್ಪ ಎರಡು ಸಾಲು ಬರೆದಿದ್ದಾನೆ.

ಫಿಲಿಪ್ ಮಾಮ


ಮೈಸೂರು
25 ಮೇ 2021

ಪ್ರೀತಿಯ ಮಾಮನಿಗೆ,

ಇಂದು ಸಿಸ್ಟರ್ ಸಿಸಿಲಿಯಾ ನನ್ನನ್ನು ಕೋಣೆಗೆ ಕರೆದು ಕೂರಿಸಿದರು. ಲಂಡನ್ನಿನಿಂದ ಯಾರೋ ಫೋನ್ ಮಾಡಿ ಅಪ್ಪ ತೀರಿಕೊಂಡರೆಂದು ತಿಳಿಸಿದರಂತೆ. ಅವರ ಮೇಜಿನ ಮೇಲೆ ನಿಮ್ಮ ಎರಡನೇ ಪತ್ರವೂ ಇತ್ತು. "ಯಾವುದನ್ನು ನಂಬಲಿ ಮಗಳೇ?" ಎಂದು ಅವರೇ ನನ್ನನ್ನು ಕೇಳಿದರು.

ನಮ್ಮಲ್ಲಿ ದಿನಾ ಸಂಜೆ ಸತ್ತವರ ಹೆಸರು ಹೇಳಿ ಪ್ರಾರ್ಥಿಸುತ್ತೇವೆ. ಈ ತಿಂಗಳು ಹೆಚ್ಚುಕಡಿಮೆ ಎಲ್ಲ ನೊವಿಸ್‌ಗಳಿಗೂ ಹೇಳಲು ಹೊಸ ಹೆಸರಿತ್ತು. ನನ್ನ ಸರದಿ ಬಂದಾಗ ನಾನು ಅಮ್ಮನ ಹೆಸರು ಹೇಳಿ ನಿಲ್ಲಿಸಿದೆ. ಎಲ್ಲರೂ ಕಾದರು. ಅಪ್ಪನ ಹೆಸರನ್ನು ನಾನು ಹೇಳುವುದಿಲ್ಲ.

ನೀವು ನಗಿಸಲು ಬರೆಯುತ್ತೀರಿ ಎಂದು ಗೊತ್ತು. ಒಮ್ಮೆ ನಗಿಸದೆ ಬರೆಯಿರಿ. ಅಪ್ಪ ಇದ್ದಾರಾ, ಇಲ್ವಾ?

ಸ್ಟೆಫನಿ


ಕ್ರೋಯ್ಡನ್
28 ಮೇ 2021

ಸ್ಟೆಫನಿ,

ಕಪ್ ಎತ್ತಿದರು.

ನಮ್ಮವರು ಮೊದಲು ಹೊಡೆದರು, ಅವರು ಸಮ ಮಾಡಿದರು, ಹೆಚ್ಚಿನ ಆಟದಲ್ಲೂ ಸಮ, ಕೊನೆಗೆ ಪೆನಾಲ್ಟಿ. ಐದೈದು ಒದೆತದಲ್ಲಿ ಮುಗಿಯಬೇಕಾದದ್ದು ಮುಗಿಯಲೇ ಇಲ್ಲ. ಅವರು ಹಾಕಿದರೆ ಇವರು, ಇವರು ಹಾಕಿದರೆ ಅವರು. ಭಾವ ಸೋಫಾದ ಆ ತುದಿಯಲ್ಲಿ ಕೂತಿದ್ದ. ಒಂದೊಂದು ಒದೆತಕ್ಕೂ ಅವನ ಹಿಂದಿನ ಕುಶನ್ನಿನ ಹೂವು ಅವನ ಅಂಗಿಯ ಮೇಲೆ ಇನ್ನಷ್ಟು ಸ್ಪಷ್ಟವಾಗುತ್ತಿತ್ತು. ನಾನು ಟಿವಿ ನೋಡಬೇಕೋ ಅವನನ್ನೋ ತಿಳಿಯದೆ ಜಪಸರದ ಮಣಿ ಹಿಡಿದೇ ಕೂತೆ. ಎಲ್ಲ ಆಟಗಾರರೂ ಒದ್ದು ಮುಗಿದರು, ಕೊನೆಗೆ ಗೋಲಿಗಳೇ ಒದೆಯಬೇಕಾಯಿತು. ನಮ್ಮ ಗೋಲಿ ಬಂದು ಹಾಕಿದ.

ಆಗ ಭಾವ, "ಫಿಲಿಪ, ಮಣಿ ಕೆಳಗಿಡು" ಎಂದ. "ಇಷ್ಟು ವರ್ಷ ಕಾದದ್ದಲ್ವಾ ಮಾರಾಯ. ಕೂಗು."

"ಸುಮ್ಮನಿರು ಭಾವ. ಡಿಸೆಂಬರ್ ಉಂಟು."

"ಡಿಸೆಂಬರಿಗೆ ನಾನು ಬರುತ್ತೇನೆ ಅಂತ ಬರೆದಾಗಿದೆ. ಹೇಗಾದರೂ ಬರುತ್ತೇನೆ. ನೀನು ಕೂಗು."

ಅವರ ಗೋಲಿ ಚೆಂಡು ಇಟ್ಟ, ಹಿಂದೆ ಸರಿದ. ಆ ಗಳಿಗೆಯಲ್ಲಿ ನಾನು ಏನು ಬೇಡಿದೆ ಎಂದು ಕೇಳಬೇಡ. ನಮ್ಮ ಗೋಲಿ ಎಡಕ್ಕೆ ಹಾರಿ ತಡೆದ. ಹನ್ನೊಂದು-ಹತ್ತು. ಕೆಳಗಿನ ಫ್ಲ್ಯಾಟಿನವರು ಕೋಲಿನಿಂದ ಚಾವಣಿ ಕುಟ್ಟಿದಾಗಲೇ ನಾನು ಕುಣಿಯುತ್ತಿದ್ದೇನೆಂದು ನನಗೆ ತಿಳಿದದ್ದು.

ಫೈನಲಿಗೆ ಸ್ವಲ್ಪ ಜನರನ್ನು ಬಿಟ್ಟಿದ್ದರು. ಟಿವಿಯಲ್ಲಿ ಅವರು ಕೂಗುತ್ತಿದ್ದರು. ಆ ಕೂಗಿನೊಳಗೆ ನಿನ್ನ ಅಪ್ಪ ನಗುವುದು ಕೇಳಿತು, ನನಗೆ ತಪ್ಪುವುದಿಲ್ಲ. ತಿರುಗಿ ನೋಡಿದರೆ ಅವನು ಕಾಣಲಿಲ್ಲ, ಸೋಫಾದ ಮೇಲೆ ಕುಶನ್ನು ಒತ್ತಿ ಕುಳಿ ಬಿದ್ದಿತ್ತು. ಬೆಳಿಗ್ಗೆ ಚಾ ಎರಡು ಲೋಟ ಮಾಡಿದೆ. ಎರಡೂ ಖಾಲಿಯಾಯಿತು. ಎರಡನ್ನೂ ನಾನೇ ಕುಡಿದದ್ದೆಂದು ನನಗೆ ಅನ್ನಿಸುವುದಿಲ್ಲ.

ಫಿಲಿಪ್


ಮೈಸೂರು
19 ಜೂನ್ 2021

ಮಾಮ,

ನಿಮ್ಮ ಎರಡು ಪತ್ರಗಳು ಒಟ್ಟಿಗೇ ಬಂದವು. ಮೇ ಇಪ್ಪತ್ತೆರಡರ ಪತ್ರದ ಕೆಳಗೆ ಅಪ್ಪ ಎರಡು ಸಾಲು ಬರೆದಿದ್ದಾರೆ ಎಂದಿರಿ. ಅಲ್ಲಿ ಏನೂ ಇಲ್ಲ. ಕಾಗದ ಬೆಳ್ಳಗಿದೆ.

ಸಿಸ್ಟರ್ ಅದನ್ನು ಕಿಟಕಿಗೆ ಹಿಡಿದು ನೋಡಿದರು. ಅಕ್ಷರವಿಲ್ಲದ ಜಾಗದಲ್ಲಿ ಪೂರ್ಣವಿರಾಮ ಒತ್ತಿದಂತೆ ಎರಡು ಸಣ್ಣ ತೂತುಗಳಿದ್ದವು, ಬೆಳಕು ಒಳಗೆ ಬಂತು. ಸಿಸ್ಟರ್ ಕಾಗದವನ್ನು ಮಡಚಿ ನನ್ನ ಕೈಗೆ ಕೊಟ್ಟು, "ಸಂಜೆಯ ಪ್ರಾರ್ಥನೆಯಲ್ಲಿ ನೀನು ಆ ಹೆಸರು ಹೇಳಬೇಕಾಗಿಲ್ಲ" ಎಂದಷ್ಟೇ ಹೇಳಿದರು.

ನನಗೆ ಕಪ್ಪೂ ಗೊತ್ತಿಲ್ಲ, ಕ್ಲಬ್ಬೂ ಗೊತ್ತಿಲ್ಲ. ಅಪ್ಪ ಅಲ್ಲಿ ಯಾರೂ ಮಾತಾಡಿಸದೆ ಒಬ್ಬರೇ ನಡೆಯುತ್ತಿದ್ದಾರೆ ಎನ್ನುವುದೊಂದೇ ನನಗೆ ಗೊತ್ತಾಗುತ್ತಿದೆ. ಬಸ್ಸೂ ನಿಲ್ಲದ ಊರಿನಲ್ಲಿ. ನೀವು ಬಾಗಿಲು ತೆರೆಯಲು ಹೋಗದಿದ್ದರೆ ಅವರು ಎಲ್ಲಿ ನಿಲ್ಲುತ್ತಾರೆ ಮಾಮ?

ಅವರನ್ನು ಕರೆದುಕೊಂಡು ಬನ್ನಿ. ಹೇಗೆ ಎಂದು ನೀವೇ ಯೋಚಿಸಿ. ಊರಿನಲ್ಲಿ ಎಲ್ಲ ಉಪಾಯವೂ ನಿಮ್ಮದೇ ಎಂದು ಹೇಳಿಕೊಳ್ಳುತ್ತೀರಲ್ಲ.

ಸ್ಟೆಫನಿ


ಕ್ರೋಯ್ಡನ್
16 ಆಗಸ್ಟ್ 2021

ನನ್ನ ಬಂಗಾರದ ಸ್ಟೆಫನಿ,

ನೀನು ಉಪಾಯ ಕೇಳಿದ್ದು ಸರಿಯಾದ ಮನುಷ್ಯನನ್ನೇ. ಉಪಾಯ ಸಿಕ್ಕಿತು, ಮಾಡಿಯೂ ಆಯಿತು.

ಜುಲೈ ತಿಂಗಳ ಕೊಂಕಣಿ ಪೂಜೆಗೆ ಇನ್ನೊಂದು ಲಕೋಟೆ ಬರೆದು ಪೆಟ್ಟಿಗೆಯಲ್ಲಿ ಹಾಕಿದೆ. ಒಂದೇ ಹೆಸರು: ಫಿಲಿಪ್. ಫಾದರ್ ಎಂದಿನಂತೆ ಉಸಿರು ಹಿಡಿದು ಓದಿದರು. ಹೆಸರು ದಾಟುತ್ತಿದ್ದಂತೆ ನನ್ನ ಬಲಗಡೆ, ಭಾವ ಯಾವಾಗಲೂ ಕೂರುವ ಜಾಗದಲ್ಲಿ, ಅವನು ಕೂತಿದ್ದ. ಹೂವಿಲ್ಲ, ಕುಶನ್ನಿಲ್ಲ, ಇಡೀ ಮನುಷ್ಯ. "ನಿನಗೆ ತಲೆ ಸರಿ ಉಂಟಾ ಮಾರಾಯ?" ಎಂದು ಬೈದ. ಬೈಗುಳವನ್ನು ಅಷ್ಟು ಆಸೆಯಿಂದ ನಾನು ಯಾವತ್ತೂ ಕೇಳಿದ್ದಿಲ್ಲ.

ಒಬ್ಬನಿಗೆ ಬಸ್ಸು ನಿಲ್ಲದಿದ್ದರೆ ಕಷ್ಟ. ಇಬ್ಬರಿಗೆ ನಿಲ್ಲದಿದ್ದರೆ ನಡೆದು ಹೋಗಬಹುದು, ಮಾತಾಡಲು ಜನ ಉಂಟಲ್ಲ. ಹೈಬರಿಗೂ ನಡೆದೇ ಹೋದೆವು. ಆ ಸ್ಟೇಡಿಯಂ ಈಗ ಫ್ಲ್ಯಾಟುಗಳಾಗಿದೆ, ನಾವು ಕೂತಿದ್ದ ಕಡೆ ಯಾರದೋ ಬಟ್ಟೆ ಒಣಗುತ್ತದೆ, ಚೆಂಡು ಉರುಳಿದ ಕಡೆ ತೋಟ. ಮಧ್ಯಾಹ್ನದ ಬಿಸಿಲಿನಲ್ಲಿ ಅಲ್ಲಿ ಕೂತೆವು. ಒಂದು ಅಳಿಲು ಬಂದು ನಮ್ಮಿಬ್ಬರನ್ನೂ ನೆಟ್ಟಗೆ ನೋಡಿತು. ಎಷ್ಟೋ ದಿನಗಳ ಮೇಲೆ ನಮ್ಮನ್ನು ನೋಡಿದ್ದು ಅದೊಂದೇ.

ಲಾಭವನ್ನೂ ಹೇಳಬೇಕು. ಕಪ್ ಗೆದ್ದವರಿಗೆ ಇನ್ನೊಂದು ಆಟ ಇರುತ್ತದೆ, ದೊಡ್ಡ ಕಪ್ ಗೆದ್ದವರ ಮೇಲೆ. ಈ ಸಲ ಅದು ಬೆಲ್‌ಫಾಸ್ಟಿನಲ್ಲಿ, ಚೆಲ್ಸಿ ಮೇಲೆ. ಹಡಗಿನಲ್ಲಿ ಯಾರೂ ಟಿಕೆಟ್ ಕೇಳಲಿಲ್ಲ, ಗೇಟಿನಲ್ಲಿಯೂ ಕೇಳಲಿಲ್ಲ. ಗೋಲಿನ ಹಿಂದೆಯೇ ನಿಂತೆವು. ಅದೂ ಪೆನಾಲ್ಟಿಗೇ ಹೋಗಿ ನಮ್ಮವರು ಸೋತರು. ಭಾವ, "ಈಗ ಸೋತು ಎಂತ ಪ್ರಯೋಜನ" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ಸುತ್ತಲಿನವರು ಚಳಿ ಹತ್ತಿದಂತೆ ಕೋಟಿನ ಕಾಲರ್ ಎಳೆದುಕೊಂಡರು.

ಈಗ ಕೆಲಸದ ಮಾತು, ಶಾಯಿ ತೆಳ್ಳಗಾಗುತ್ತಿದೆ. ಹೆಣ್ಣುಮಗಳ ವ್ರತಕ್ಕೆ ಅಪ್ಪ ಬರಬೇಕು, ಬರುತ್ತಾನೆ. ನಾನೂ ಬರುತ್ತೇನೆ, ದಾರಿಯಲ್ಲಿ ಬಾಗಿಲು ತೆರೆಯದಿದ್ದರೆ ಇಬ್ಬರೂ ಸೇರಿ ತಳ್ಳುತ್ತೇವೆ. ಮುಂದಿನ ಸಾಲಿನಲ್ಲಿ ಎರಡು ಕುರ್ಚಿ ಖಾಲಿ ಇಡಿಸು. ಯಾರಾದರೂ ದೊಡ್ಡ ಮನುಷ್ಯರು ಬಂದು ಕೂರಲು ನೋಡಿದರೆ ಬಿಡಬೇಡ. ಸಿಸ್ಟರ್ ಸಿಸಿಲಿಯಾ, ಇದು ನಿಮಗೂ.

ಇನ್ನೂ ಒಂದು ಪುಟ ಬರೆಯುವುದಿದೆ, ಅದರಲ್ಲಿ ನಿನ್ನ ಅಮ್ಮನ ಸುದ್ದಿ


ಮೈಸೂರು
9 ಡಿಸೆಂಬರ್ 2021

ಪ್ರೀತಿಯ ಅಪ್ಪ, ಪ್ರೀತಿಯ ಮಾಮ,

ನಿಮ್ಮ ಪತ್ರ ಬಂತು. ಎರಡನೇ ಪುಟ ಖಾಲಿ ಇತ್ತು. ಲಕೋಟೆಯ ಮೇಲೆ ಅಂಚೆಯ ಮುದ್ರೆ ಇರಲಿಲ್ಲ. ಇದನ್ನು ಯಾವ ವಿಳಾಸಕ್ಕೆ ಹಾಕಬೇಕೆಂದು ತಿಳಿಯದೆ ಹಳೆಯದನ್ನೇ ಬರೆಯುತ್ತಿದ್ದೇನೆ.

ನಿನ್ನೆ ನನ್ನ ವ್ರತವಾಯಿತು. ಮುಂದಿನ ಸಾಲಿನಲ್ಲಿ ಎರಡು ಕುರ್ಚಿ ಇಡಿಸಿದ್ದೆ. ಊರಿನ ಮುಖಂಡರೊಬ್ಬರು ಕೂರಲು ಬಂದಾಗ ಸಿಸ್ಟರ್ ಸಿಸಿಲಿಯಾ ಓಡಿ ಬಂದು, "ಅಲ್ಲಿ ಜನ ಇದ್ದಾರೆ" ಎಂದರು. ಮುಖಂಡರು ಖಾಲಿ ಕುರ್ಚಿ ನೋಡಿದರು, ಸಿಸ್ಟರ್ ಮುಖ ನೋಡಿದರು, ಹಿಂದಕ್ಕೆ ಹೋದರು.

ಉಳಿದವರೆಲ್ಲ ತಾಯ್ತಂದೆಯರ ಕೈ ಹಿಡಿದು ನಡೆದರು. ನನ್ನ ಹೆಸರು ಕರೆದಾಗ ನಾನು ಬಲಗೈಯನ್ನು ಸ್ವಲ್ಪ ಎತ್ತರಕ್ಕೆ ಹಿಡಿದು ನಡೆದೆ, ಅಪ್ಪನ ಕೈಗೆ ಎಟಕುವಷ್ಟು. ಎಲ್ಲರೂ ನೋಡುತ್ತಿದ್ದರು. ಕೈ ಭಾರವಾಯಿತೋ ಇಲ್ಲವೋ ನಾನು ಯಾರಿಗೂ ಹೇಳಲಿಲ್ಲ. ಇಲ್ಲಿಯೂ ಬರೆಯುವುದಿಲ್ಲ. ನಿಮಗೆ ಗೊತ್ತಿದೆ, ಅಥವಾ ಗೊತ್ತಿಲ್ಲ.

ಆಮೇಲೆ ನಾನು ಪೀಠದ ಮುಂದೆ ಮೊಣಕಾಲೂರಿದೆ. ಹಿಂದೆ ಎಲ್ಲರೂ ಕೂತರು. ನಿಮ್ಮ ಕುರ್ಚಿಗಳ ಹಿಂದಿನ ಸಾಲಿನಲ್ಲಿ ನನ್ನ ಜೊತೆಯ ನೊವಿಸ್ ಒಬ್ಬಳ ಅಜ್ಜಿ ಇದ್ದರು, ಧಾರವಾಡದ ಕಡೆಯವರು. ನಮ್ಮ ಸಂಗತಿ ಅವರಿಗೆ ಏನೂ ತಿಳಿಯದು. ಇಗರ್ಜಿಯೆಲ್ಲ ನಿಶ್ಶಬ್ದವಾಗಿದ್ದಾಗ ಅವರು ಗಟ್ಟಿಯಾಗಿ ಹೇಳಿದರು:

"ಏನ್ರೀ, ಮುಂದ ಕುಂತ ಉದ್ದನಾವ್ರು ಸ್ವಲ್ಪ ತಲಿ ಬಗ್ಗಸ್ರಿ, ನಮ್ಮ ಹುಡುಗಿ ಕಾಣವಲ್ಲಳು. ಮತ್ತ ಆ ಬಾಜೂದ ಗಿಡ್ಡನಾವ್ರಿಗೆ ಹೇಳ್ರಿ, ಪೂಜಾ ಮುಗಿಯೂತನಾ ಬಾಯಿ ಮುಚ್ಕೊಂಡು ಕುಂದ್ರಲಿ."

ನಿಮ್ಮ ಮಗಳು,
ಸ್ಟೆಫನಿ